ವಿಂಡೋಸ್ 11 ಹಾಕಿದ ಮೇಲೆ ತೆವಳುತ್ತಿದ್ದ ಲ್ಯಾಪ್‌ಟಾಪ್

ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಹಾಗಾಗಿ ಅಕ್ಕನ ಲ್ಯಾಪ್‌ಟಾಪನ್ನು 11ಕ್ಕೆ ಏರಿಸಿದೆ. ಆಮೇಲೆ ಆನ್ ಮಾಡಿ ಚಾ ಕುಡಿದು ಬಂದರೂ ಡೆಸ್ಕ್‌ಟಾಪ್ ಪೂರ್ತಿ ಬರುವುದಿಲ್ಲ ಮಾರಾಯ್ರೆ. ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಒಂದೇ ಮಾತಿಗೆ 'ರ‍್ಯಾಮ್ ಸಾಲದು' ಅಂದರು. ನನಗೆ ನಂಬಿಕೆ ಬರಲಿಲ್ಲ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿದರೆ 8 ಜಿಬಿ ರ‍್ಯಾಮ್‌ನಲ್ಲಿ ಬೇಕಾದಷ್ಟು ಖಾಲಿ ಉಂಟು. ಡಿಸ್ಕ್ ಮಾತ್ರ ಶೇಕಡಾ 100 ಬ್ಯುಸಿ. ಅಪ್‌ಗ್ರೇಡ್ ಆದ ಮೇಲೆ ಸರ್ಚ್ ಇಂಡೆಕ್ಸ್ (ಫೈಲು ಬೇಗ ಹುಡುಕಲು ಮಾಡಿಡುವ ಪಟ್ಟಿ) ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ, ಅದಕ್ಕೆ ರಾತ್ರಿಯಿಡೀ ಚಾರ್ಜಿಗೆ ಹಾಕಿ ಬಿಟ್ಟೆ. ಸ್ಟಾರ್ಟ್‌ಅಪ್‌ನಲ್ಲಿ ಬೇಡದ್ದನ್ನು ಬಂದ್ ಮಾಡಿದೆ. ಸ್ವಲ್ಪ ಸುಧಾರಿಸಿತು, ಅಷ್ಟೇ.

ನಿಜವಾದ ಅಡ್ಡಿ ಒಳಗಿದ್ದ, ನಿಮಿಷಕ್ಕೆ 5400 ಸುತ್ತು ತಿರುಗುವ (5400 ಆರ್‌ಪಿಎಂ) ಹಾರ್ಡ್‌ಡಿಸ್ಕ್. ನೂರಾರು ಸಣ್ಣ ಫೈಲುಗಳನ್ನು ಒಮ್ಮೆಗೇ ಕೇಳಿದರೆ ಅದರ ಓದುವ ಹೆಡ್ ಅತ್ತಿಂದಿತ್ತ ಓಡುವುದರಲ್ಲೇ ಹೊತ್ತು ಹೋಗುತ್ತದೆ, ದೊಡ್ಡ ಪಂಕ್ತಿಗೆ ಒಬ್ಬನೇ ಬಡಿಸಿದ ಹಾಗೆ. ಚಿಪ್‌ಗಳಲ್ಲೇ ಎಲ್ಲವನ್ನೂ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಂದು, ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ, ಹಳೆ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ಹಾಗೇ ನಕಲು (ಕ್ಲೋನ್) ಮಾಡಿ, ಹಳೆಯದರ ಜಾಗದಲ್ಲಿ ಕೂರಿಸಿದೆ. (ಮೊದಲು ಬ್ಯಾಕಪ್, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ.) ಈಗ ಅರ್ಧ ನಿಮಿಷದೊಳಗೆ ಕೆಲಸಕ್ಕೆ ಸಿದ್ಧ. ಹಳೆ ಡಿಸ್ಕನ್ನು ಕೇಸ್‌ಗೆ ಹಾಕಿ ಅಕ್ಕ ಫೋಟೊ ತುಂಬಿಸುತ್ತಿದ್ದಾಳೆ.