ಬರವಣಿಗೆ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು
ಆನ್‌ಲೈನಲ್ಲಿ ಪ್ರಬಂಧ ಬರೆಯೋದು ಕಲಿಯಬೇಕು ಅಂತಿದ್ದೀರಾ? ಮೊದಲು ಒಂದು ವಿಷಯ ಕೇಳಿ: ನಾವು ಬರೆದದ್ದನ್ನು ಸಾಲು ಸಾಲಾಗಿ ಓದಿ ತಿದ್ದುತ್ತಾರಾ? ಸುಮ್ನೆ ವಿಡಿಯೊ ನೋಡಿದರೆ ಕೈ ಪಳಗುವುದಿಲ್ಲ.

ನನ್ನ ಕ್ಲಾಸಲ್ಲಿ ಮೊದಲ ಪಾಠವೇ ಜಾಗದ ಬಗ್ಗೆ. 'ಅಜ್ಜಿಯ ಅಡುಗೆಮನೆ ಚೆನ್ನಾಗಿತ್ತು' ಅಂತ ಬರೆದಿದ್ದೆ. ಮೇಷ್ಟ್ರು 'ಚೆನ್ನಾಗಿತ್ತು' ತೆಗೆಸಿದರು. ಆಮೇಲೆ ಒಂದೊಂದೇ ನೆನಪಾಯಿತು: ಒದ್ದೆ ಸೌದೆಯ ಹೊಗೆ, ಮಸಿ ಹಿಡಿದ ಜಂತಿ, ಒರಳಕಲ್ಲಿನ ಪಕ್ಕದ ತಣ್ಣನೆ ನೆಲ. ಪ್ರಬಂಧ ಅಲ್ಲಿಂದಲೇ ಶುರುವಾಯಿತು.

ಸಂಕಲನ ತರುವ ಆಸೆ ಇದ್ದರೆ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' (1933) ಓದಿ. ಬಿಡಿ ಬರಹಗಳನ್ನು ಒಂದೇ ಸೀಮೆ ಹೇಗೆ ಹಿಡಿದಿಟ್ಟಿದೆ ನೋಡಿ. ಆಮೇಲೆ ನಿಮ್ಮ ಬರಹಗಳ ಮೊದಲ ಸಾಲುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಜೋರಾಗಿ ಓದಿ. ಎಲ್ಲವೂ ಒಂದೇ ಥರ ಇದ್ದರೆ ಕಿವಿಗೇ ಗೊತ್ತಾಗುತ್ತದೆ.