ಟೆಕ್ಸಸ್‌ಗೆ ಹೊಸದಾಗಿ ಬಂದವರಿಗೆ: ಕಾಲೇಜಿನ ಲೆಕ್ಕ 9ನೇ ಕ್ಲಾಸಿನಿಂದಲೇ ಶುರು

ಟೆಕ್ಸಸ್‌ಗೆ ಬಂದಿಳಿದವರು ನಮ್ಮ ಸಂಘದವರನ್ನು ಮೊದಲು ಕೇಳುವುದು ಮನೆ ಎಲ್ಲಿ ಮಾಡೋಣ ಅಂತ. ಆಮೇಲೆ ಸ್ಕೂಲು. ಕಾಲೇಜಿನ ಮಾತು ಬರುವುದು ಮಗು 11ನೇ ಕ್ಲಾಸಿಗೆ ಕಾಲಿಟ್ಟ ಮೇಲೆ. ಅಷ್ಟು ಹೊತ್ತಿಗೆ ಎರಡು ವರ್ಷದ ಗ್ರೇಡುಗಳು ಎಲ್ಲ ವರ್ಷದ ಅಂಕಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕೂತಾಗಿರುತ್ತವೆ. ಅದಕ್ಕೇ ಇದನ್ನು ಮೊದಲೇ ಹೇಳುತ್ತಿದ್ದೇವೆ.

ಊರಿನಲ್ಲಿ ನಮಗೆ ಗೊತ್ತಿದ್ದದ್ದು ಸೆಕೆಂಡ್ ಪಿಯು ಮತ್ತು ಸಿಇಟಿ. ಫಸ್ಟ್ ಪಿಯುನಲ್ಲಿ ಸ್ವಲ್ಪ ಸಡಿಲ ಬಿಟ್ಟರೂ ಕೊನೆಯ ವರ್ಷ ಪಟ್ಟಾಗಿ ಕೂತು ಓದಿದರೆ ದಡ ಸೇರಬಹುದಿತ್ತು. ಇಡೀ ರಾಜ್ಯಕ್ಕೆ ಒಂದೇ ರ್‍ಯಾಂಕ್ ಪಟ್ಟಿ. ಇಲ್ಲಿ 9ನೇ ಕ್ಲಾಸಿನ ಮೊದಲ ಸೆಮಿಸ್ಟರಿನಿಂದಲೇ ಗ್ರೇಡುಗಳು ಸೇರುತ್ತಾ ಹೋಗುತ್ತವೆ. ಕೆಲವು ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ (ಒಂದು ಪ್ರದೇಶದ ಪಬ್ಲಿಕ್ ಸ್ಕೂಲುಗಳನ್ನು ನಡೆಸುವ ಆಡಳಿತ) 8ನೇ ಕ್ಲಾಸಿನಲ್ಲೇ ಮುಗಿಸಿದ ಆಲ್ಜೀಬ್ರಾ 1 ಕೂಡ ಲೆಕ್ಕಕ್ಕೆ ಬರುತ್ತದೆ. ರ್‍ಯಾಂಕ್ ಕಟ್ಟುವುದು ರಾಜ್ಯಕ್ಕಲ್ಲ, ಮಗು ಓದುವ ಸ್ಕೂಲಿನ ಆ ವರ್ಷದ ಮಕ್ಕಳ ನಡುವೆ.

ಯಾಕೆ ಹೀಗೆ? 1996ರಲ್ಲಿ ಹಾಪ್‌ವುಡ್ ಮೊಕದ್ದಮೆಯಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಸೀಟು ಕೊಡುವಾಗ ಜನಾಂಗ ನೋಡಬಾರದು ಅಂದಿತು. ಹಾಗಾದರೆ ಎಲ್ಲ ಬಗೆಯ ಮಕ್ಕಳು ವಿಶ್ವವಿದ್ಯಾಲಯಕ್ಕೆ ಬರುವುದು ಹೇಗೆ? 1997ರಲ್ಲಿ ಟೆಕ್ಸಸ್ ಶಾಸನಸಭೆ ಒಂದು ದಾರಿ ಹುಡುಕಿತು. ಯಾವ ಸ್ಕೂಲಾದರೂ ಸರಿ, ಹಳ್ಳಿಯದಾದರೂ ಸರಿ, ಅದರ ಮೊದಲ ಶೇ. 10ರಷ್ಟು ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಖಚಿತ. ಟೆಕ್ಸಸ್ ಎ ಅಂಡ್ ಎಂ, ಯುಟಿ (ಯೂನಿವರ್ಸಿಟಿ ಆಫ್ ಟೆಕ್ಸಸ್) ಡಲ್ಲಾಸ್, ಹ್ಯೂಸ್ಟನ್ ವಿಶ್ವವಿದ್ಯಾಲಯ ಎಲ್ಲವಕ್ಕೂ ಇದು ಅನ್ವಯ. ಆದರೆ ಅರ್ಜಿಯನ್ನು ಹೊತ್ತಿಗೆ ಸರಿಯಾಗಿ ಹಾಕಿರಬೇಕು. ಖಚಿತ ಅಂದರೆ ತಾನಾಗಿ ಮನೆಗೆ ಬರುತ್ತದೆ ಅಂತಲ್ಲ.

ಯುಟಿ ಆಸ್ಟಿನ್ ಮಾತ್ರ ಬೇರೆ. ಅಲ್ಲಿ ನೂಕುನುಗ್ಗಲು ಜಾಸ್ತಿಯಾಗಿ 2009ರಲ್ಲಿ ಕಾನೂನು ತಿದ್ದಿದರು. ಟೆಕ್ಸಸ್ ಮಕ್ಕಳ ಸೀಟುಗಳಲ್ಲಿ ಶೇ. 75ರಷ್ಟನ್ನು ಹೀಗೆ ತುಂಬಿದರೆ ಸಾಕು ಅಂತಾಯಿತು. ಹಾಗಾಗಿ ಅಲ್ಲಿನ ಗೆರೆ ಬಿಗಿಯಾಗುತ್ತಾ ಬಂದಿದೆ. ಕೆಲವು ವರ್ಷ ಶೇ. 6 ಇತ್ತು. 2026ರ ಸಾಲಿನಿಂದ ಶೇ. 5. ಒಂದು ಕ್ಲಾಸಿನಲ್ಲಿ 600 ಮಕ್ಕಳಿದ್ದರೆ ಎ ಅಂಡ್ ಎಂಗೆ 60 ಜನ, ಆಸ್ಟಿನ್‌ಗೆ 30 ಜನ. ನೀವು ಮನೆ ನೋಡುತ್ತಿರುವ ಏರಿಯಾದ ಸ್ಕೂಲಿಗೆ ಹತ್ತಕ್ಕೆ 10 ರೇಟಿಂಗ್ ಇದೆ ಅಂತ ಖುಷಿಪಡುವಾಗ ಈ 30ನ್ನೂ ನೆನಪಿಡಿ. ಅಲ್ಲಿ ಮನೆ ಮಾಡಬೇಡಿ ಅಂತ ನಾವು ಹೇಳುತ್ತಿಲ್ಲ. ಒಳ್ಳೆಯ ಮೇಷ್ಟ್ರು, ಒಳ್ಳೆಯ ಜೊತೆಗಾರರು ಸಿಗುವುದು ದೊಡ್ಡದೇ. ಆದರೆ ರ್‍ಯಾಂಕ್ ಅಲ್ಲಿ ಕಷ್ಟ ಅಂತ ಗೊತ್ತಿದ್ದೇ ಹೋಗಿ. ಮಗುವನ್ನು ಆಮೇಲೆ ಬೈಯುವ ಹಾಗಾಗಬಾರದು.

ಈಗ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿಯ ವಿಷಯ. ಇದರಲ್ಲೇ ಹೊಸಬರು ಜಾಸ್ತಿ ಎಡವುತ್ತಾರೆ. ರ್‍ಯಾಂಕಿಗೆ ಸಾಮಾನ್ಯವಾಗಿ ನೋಡುವುದು ವೆಯ್ಟೆಡ್ ಜಿಪಿಎ. ಎಪಿ (ಕಾಲೇಜು ಮಟ್ಟದ) ಮತ್ತು ಆನರ್ಸ್ (ಸಾಧಾರಣಕ್ಕಿಂತ ಕಷ್ಟದ) ಕ್ಲಾಸಿಗೆ ತೂಕ ಜಾಸ್ತಿ, ಸಾಧಾರಣ ಕ್ಲಾಸಿಗೆ ಕಡಿಮೆ. ಎಷ್ಟು ಅಂತ ಪ್ರತಿ ಡಿಸ್ಟ್ರಿಕ್ಟ್ ತಾನೇ ಗೊತ್ತು ಮಾಡುತ್ತದೆ. ಪಕ್ಕದ ಊರಿನವರ ಮಾತು ನಂಬಿ ಕೂರಬೇಡಿ.

ನಮ್ಮ ಮನೆಯದೇ ಹೇಳುತ್ತೇನೆ. ಮಗಳ ಸ್ಕೂಲಿನಲ್ಲಿ ಎ ಗ್ರೇಡು ಬಂದರೆ ಎಪಿಗೆ 5 ಪಾಯಿಂಟು, ಸಾಧಾರಣ ಕ್ಲಾಸಿಗೆ 4. ಅವಳು ಆರು ಎಪಿ ಜೊತೆಗೆ ಆರ್ಕೆಸ್ಟ್ರಾ ತೆಗೆದುಕೊಂಡಿದ್ದಳು. ಅವಳಿಗೆ ಪಿಟೀಲು ಅಂದರೆ ಪ್ರಾಣ. ಏಳರಲ್ಲೂ ಎ. ಲೆಕ್ಕ ಹಾಕಿ: 34 ಭಾಗಿಸು 7, ಅಂದರೆ 4.86. ಅವಳ ಗೆಳತಿ ಅದೇ ಆರು ಎಪಿ ತೆಗೆದುಕೊಂಡು ಏಳನೇ ಪೀರಿಯಡ್ ಖಾಲಿ ಬಿಟ್ಟಳು. ಅವಳಿಗೆ ಪೂರ್ತಿ 5. ಒಂದು ರಾತ್ರಿ ಮಗಳು ಊಟದ ತಟ್ಟೆ ಮುಂದೆ ಕೂತು, "ಅಮ್ಮಾ, ಪಿಟೀಲು ಬಿಟ್ಟುಬಿಡ್ಲಾ?" ಅಂದಳು. ಅನ್ನ ಕಲಸಿದ್ದು ಹಾಗೇ ಇತ್ತು. ಬಿಡಬೇಡ ಕಂದಾ ಅಂದೆವು. ರ್‍ಯಾಂಕ್ ಸ್ವಲ್ಪ ಇಳಿಯಿತು. ಇವತ್ತಿಗೂ ಆ ನಿರ್ಧಾರ ಸರಿ ಅಂತಲೇ ನನ್ನ ನಂಬಿಕೆ. ನೀವು ಬೇರೆ ತೀರ್ಮಾನ ಮಾಡಬಹುದು, ಆದರೆ ಲೆಕ್ಕ ಗೊತ್ತಿದ್ದು ಮಾಡಿ. ಕೆಲವು ಡಿಸ್ಟ್ರಿಕ್ಟ್‌ಗಳಲ್ಲಿ ಸಂಗೀತ, ಆಟದಂಥ ಕ್ಲಾಸುಗಳನ್ನು ರ್‍ಯಾಂಕಿನ ಲೆಕ್ಕದಿಂದ ಹೊರಗಿಡುತ್ತಾರೆ. ಅದನ್ನು ಮೊದಲೇ ಕೇಳಿ.

ನಡುವೆ ಬಂದು ಸೇರುವ ಮಕ್ಕಳ ವಿಷಯದಲ್ಲಿ ಇನ್ನೂ ಹುಷಾರು. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ 9, 10 ಮುಗಿಸಿ ಬಂದ ಮಗುವಿನ ಅಂಕಪಟ್ಟಿಯನ್ನು ಇಲ್ಲಿ ಹೇಗೆ ತೆಗೆದುಕೊಳ್ಳಬೇಕು ಅಂತ ಡಿಸ್ಟ್ರಿಕ್ಟ್ ನಿಯಮವೇ ಹೇಳುತ್ತದೆ. ಕೆಲವು ಕಡೆ ಬರೀ ಪಾಸ್ ಅಂತ ಬರೆದು ಕ್ರೆಡಿಟ್ ಕೊಡುತ್ತಾರೆ, ಪಾಯಿಂಟು ಸೇರುವುದಿಲ್ಲ. ಊರು ಬಿಡುವ ಮೊದಲು ಶಾಲೆಯಿಂದ ಪ್ರತಿ ವರ್ಷದ ಅಂಕಪಟ್ಟಿ, ಸಹಿ ಸೀಲು ಹಾಕಿಸಿ, ಎರಡು ಪ್ರತಿ ತನ್ನಿ. ಓದಿದ ಪಠ್ಯವಿಷಯಗಳ ಪಟ್ಟಿಯೂ ಇರಲಿ. ಗಣಿತ ಅಂತ ಒಂದೇ ಪದ ಬರೆದಿದ್ದರೆ ಕೌನ್ಸೆಲರ್‌ಗೆ ಅದು ಆಲ್ಜೀಬ್ರಾನೋ ಜ್ಯಾಮಿಟ್ರಿಯೋ ತಿಳಿಯುವುದಿಲ್ಲ, ಅಲ್ವಾ?

ರ್‍ಯಾಂಕ್ ಒಂದೇ ಸಾಲದು. ಪಬ್ಲಿಕ್ ಸ್ಕೂಲಿನ ಮಗು 'ಡಿಸ್ಟಿಂಗ್ವಿಶ್ಡ್ ಲೆವೆಲ್' ಅನ್ನುವ ಮಟ್ಟದಲ್ಲಿ ಓದು ಮುಗಿಸುವ ಹಾಗಿರಬೇಕು. ಅದಕ್ಕೆ ನಾಲ್ಕು ಕ್ರೆಡಿಟ್ ಗಣಿತ, ಅದರಲ್ಲಿ ಆಲ್ಜೀಬ್ರಾ 2 ಕಡ್ಡಾಯ, ನಾಲ್ಕು ಕ್ರೆಡಿಟ್ ವಿಜ್ಞಾನ ಮತ್ತು ಒಂದು ಎಂಡೋರ್ಸ್‌ಮೆಂಟ್ (ಆಯ್ದ ಒಂದು ವಿಭಾಗದಲ್ಲಿ ಹೆಚ್ಚಿನ ಓದು) ಬೇಕು. ಆಸ್ಟಿನ್ 2025ರ ಸಾಲಿನಿಂದ ಎಸ್‌ಎಟಿ ಅಥವಾ ಎಸಿಟಿ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆಯ ಅಂಕವನ್ನೂ ಮತ್ತೆ ಕೇಳುತ್ತಿದೆ. ರ್‍ಯಾಂಕಿನಿಂದ ಸೀಟು ಖಚಿತವಾದವರೂ ಕೊಡಬೇಕು.

ಎಲ್ಲಕ್ಕಿಂತ ಜಾಸ್ತಿ ಕಣ್ಣೀರು ಹಾಕಿಸುವುದು ಮೇಜರ್, ಅಂದರೆ ಡಿಗ್ರಿಗೆ ಆರಿಸಿಕೊಳ್ಳುವ ಮುಖ್ಯ ವಿಷಯ. ಖಚಿತವಾದ ಸೀಟು ವಿಶ್ವವಿದ್ಯಾಲಯಕ್ಕೆ, ನೀವು ಕೇಳಿದ ಮೇಜರ್‌ಗೆ ಅಲ್ಲ. ಆಸ್ಟಿನ್‌ನಲ್ಲಿ ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್, ಬಿಸಿನೆಸ್‌ಗೆ ಪೈಪೋಟಿಯೇ ಬೇರೆ. ಅಲ್ಲಿ ಪ್ರಬಂಧ, ಮಗು ಕೈಯಾರೆ ಮಾಡಿದ ಕೆಲಸ, ಆ ವಿಷಯದಲ್ಲಿ ತೋರಿಸಿದ ಆಸಕ್ತಿ ಎಲ್ಲ ನೋಡುತ್ತಾರೆ. ಗೆರೆಯ ಹೊರಗೆ ಉಳಿದ ಮಕ್ಕಳ ಅರ್ಜಿಯನ್ನೂ ಹೀಗೇ ಪೂರ್ತಿ ಓದುತ್ತಾರೆ. ಶೇ. 5ರಲ್ಲಿ ಇಲ್ಲ ಅಂದ ಮಾತ್ರಕ್ಕೆ ಆಸ್ಟಿನ್‌ಗೆ ಅರ್ಜಿ ಹಾಕದೆ ಸುಮ್ನೆ ಬಿಡಬೇಡಿ.

ಫೀಸಿನ ಬಗ್ಗೆ ಒಂದು ಮಾತು. ರಾಜ್ಯದವರ ಫೀಸು ಸಿಗಲು ಸಾಮಾನ್ಯವಾಗಿ 12 ತಿಂಗಳು ಇಲ್ಲೇ ನೆಲೆಸಿರಬೇಕು. ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸಗಾರರ ಕುಟುಂಬದವರಿಗೆ ಸಿಗುವ ವೀಸಾ) ಇರುವ ಮಕ್ಕಳಿಗೂ ಆ ದಾರಿ ಇದೆ. ಬಾಡಿಗೆ ಕರಾರು, ಟ್ಯಾಕ್ಸ್ ಕಾಗದ ಎತ್ತಿಡಿ.

ಅರ್ಜಿಗೆ ಬಳಸುವ ರ್‍ಯಾಂಕ್ ಬಹಳಷ್ಟು ಸ್ಕೂಲುಗಳಲ್ಲಿ 11ನೇ ಕ್ಲಾಸು ಮುಗಿದಾಗಿನದು. ಆ ಬೇಸಿಗೆ ರಜೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ತರಿಸಿ, ಒಂದೊಂದು ಸೆಮಿಸ್ಟರ್ ಮೇಲೂ ಬೆರಳಿಟ್ಟು ಓದಿ. ಊರಿನ ಅಂಕ ಬಿಟ್ಟುಹೋಗಿದ್ದರೆ, ಎಪಿ ಕ್ಲಾಸು ಸಾಧಾರಣ ಕ್ಲಾಸು ಅಂತ ಬಿದ್ದಿದ್ದರೆ, ಸ್ಕೂಲು ತೆರೆದ ಮೊದಲ ವಾರವೇ ಕೌನ್ಸೆಲರ್ ಹತ್ತಿರ ಹೋಗಿ. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಕೆ ಇದ್ದರೆ ಸಂಘಕ್ಕೆ ತಿಳಿಸಿ, ನಮ್ಮಲ್ಲೊಬ್ಬರು ಜೊತೆಗೆ ಬರುತ್ತೇವೆ.