ಮರ್ಮಗೋವಾದಲ್ಲಿ ಹಡಗು ನಿಂತ ಭಾನುವಾರ: ಕಾರವಾರದ ಸಂತೆಗೆ ಹೋಗಿ ಬರುವ ಬಗೆ

ಮುಂಬೈ, ಗೋವಾ, ಕೊಚ್ಚಿ ಎಂದು ಓಡಾಡುವ ಪ್ರವಾಸಿ ಹಡಗು ಮರ್ಮಗೋವಾದಲ್ಲಿ ನಿಲ್ಲುವ ದಿನ ಭಾನುವಾರವಾಗಿದ್ದರೆ, ನಿಲುಗಡೆ ಒಂಬತ್ತು ತಾಸಿಗಿಂತ ಕಡಿಮೆ ಇಲ್ಲದಿದ್ದರೆ, ಕಾರವಾರಕ್ಕೆ ಹೋಗಿ ಬರಬಹುದು. ಕಾರವಾರದ ವಾರದ ಸಂತೆ ಭಾನುವಾರವೇ. ಬೇರೆ ದಿನವಾದರೆ ಇಷ್ಟು ದೂರ ಬರಬೇಡಿ, ಮಡಗಾಂವ್ ಪೇಟೆಯೇ ಸಾಕು.

ದಾರಿ ಸುಮಾರು ನೂರು ಕಿಲೋಮೀಟರ್. ಎರಡೂವರೆ ತಾಸು ಹಿಡಿಯಿರಿ. ಬಾಳ್ಳಿ ದಾಟಿದ ಮೇಲೆ ಸಿಗುವ ಕರ್ಮಲ್ ಘಾಟಿನ ತಿರುವುಗಳಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಅರ್ಧ ತಾಸು ಹೋಯಿತು. ಕಾರವಾರಕ್ಕೆ ಮೊದಲು ಕಾಳಿ ನದಿ ದಾಟಬೇಕು. 2024ರ ಆಗಸ್ಟ್ 7ರಂದು ಅಲ್ಲಿನ ಹಳೆಯ ಸೇತುವೆ ಕುಸಿದ ಬಳಿಕ ಎರಡೂ ಕಡೆಯ ವಾಹನಗಳನ್ನು ಹೊಸ ಸೇತುವೆಯ ಮೇಲೇ ಬಿಟ್ಟರು, ಅಲ್ಲೂ ತಡವಾಗಬಹುದು. ಹಾಗಾಗಿ ಸೇತುವೆ ದಾಟಿ ಸಂತೆಯನ್ನು ಮೊದಲು ಮುಗಿಸಿ, ಸೇತುವೆಯ ಈಚೆ ಗೋವಾ ಗಡಿಗೆ ಹತ್ತಿರವಿರುವ ಮಾಜಾಳಿ ಎಂಬ ಊರನ್ನು ವಾಪಸು ಬರುವಾಗ ನೋಡಿ. ತಡವಾದರೆ ಮಾಜಾಳಿಯನ್ನು ಬಿಟ್ಟುಬಿಡಬಹುದು, ಸೇತುವೆಯನ್ನು ಬಿಡಲಾಗದು.

ಲೆಕ್ಕ ಹಿಂದಿನಿಂದ ಹಾಕಬೇಕು. ಹಡಗು ಸಂಜೆ ಐದಕ್ಕೆ ಹೊರಡುವುದಾದರೆ ಹತ್ತಲು ಕೊನೆಯ ಸಮಯ ನಾಲ್ಕು ಎಂದಿಟ್ಟುಕೊಳ್ಳಿ. ಅದಕ್ಕೂ ಮುಕ್ಕಾಲು ತಾಸು ಮೊದಲೇ ಬಂದರಿನ ಗೇಟಿನಲ್ಲಿರಬೇಕು. ಅಂದರೆ ಮಾಜಾಳಿಯಿಂದ 12:45ಕ್ಕೆ ಗಾಡಿ ಹೊರಡಲೇಬೇಕು. ಬೆಳಿಗ್ಗೆ ಎಂಟರೊಳಗೆ ಇಳಿದರೆ ಸಂತೆಗೆ ಒಂದೂಕಾಲು ತಾಸು, ಮಾಜಾಳಿಗೆ ಅರ್ಧ ತಾಸು ಉಳಿಯುತ್ತದೆ. ಇಳಿಯುವಾಗ ಹಡಗಿನ ಕಾರ್ಡ್, ಆಧಾರ್ ಎರಡೂ ಜೇಬಿನಲ್ಲಿರಲಿ. ಟ್ಯಾಕ್ಸಿಯವರನ್ನು ಮೊದಲೇ ಎರಡು ಮಾತು ಕೇಳಿ: ಗಾಡಿಗೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆಯೇ, ಕಾಯುವ ಹೊತ್ತೂ ಬಾಡಿಗೆಯಲ್ಲಿ ಸೇರಿದೆಯೇ. ಗೋವಾದ ಬಾಟಲಿ ಚೀಲದಲ್ಲಿ ಬೇಡ, ಮಾಜಾಳಿಯ ತಪಾಸಣೆಯಲ್ಲೇ ಹೊತ್ತು ಕಳೆಯುತ್ತದೆ. ಕಾರವಾರದ ಬಳಿಯ ಅರ್ಗಾದಲ್ಲಿ ನೌಕಾನೆಲೆ ಇರುವುದರಿಂದ ಡ್ರೋನ್ ತರಲೇಬೇಡಿ.

ಸಂತೆಗೆ ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ ನೋಟು, ಎರಡು ಬಟ್ಟೆ ಚೀಲ ಬೇಕು. ಸೊಪ್ಪು, ಕೆಸುವಿನೆಲೆ, ಊರ ತರಕಾರಿ ಇಟ್ಟುಕೊಂಡು ಕೂತವರಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಇರುತ್ತಾರೆ. ಕೊರಳ ತುಂಬ ಮಣಿಸರ ಕಂಡ ಕೂಡಲೇ ಮೊಬೈಲ್ ಎತ್ತಬೇಡಿ. ಕೂತು, ಏನಾದರೂ ಕೊಂಡು, "ಅಕ್ಕಾ, ಒಂದು ಫೋಟೋ ತೆಗೀಲಾ?" ಎಂದು ಕೇಳಿ. ಬೇಡವೆಂದರೆ ಅಲ್ಲಿಗೆ ಬಿಡಿ. ಒಂದು ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುವುದು ಸರಿಯಲ್ಲ.

ಕೊಳ್ಳಲು ಮೊದಲ ಆಯ್ಕೆ ಮುರುಗಲು ಸಿಪ್ಪೆ, ಅಂದರೆ ಹುಳಿಗೆ ಹಾಕುವ ಒಣಗಿದ ಕೋಕಂ. ಸೋಲ ಎಂದರೂ ಕೊಡುತ್ತಾರೆ. ಒಂದು ಸಿಪ್ಪೆ ಕೈಗೆತ್ತಿಕೊಂಡು ಮಡಚಿ ನೋಡಿ. ಒಳ್ಳೆಯದು ಕಪ್ಪು ನೇರಳೆ ಬಣ್ಣದ್ದು, ಮುರಿಯದೆ ಬಾಗುತ್ತದೆ, ಬೆರಳಿಗೆ ತುಸು ಅಂಟುತ್ತದೆ. ಅದನ್ನು ಹಣ್ಣಿನ ರಸದಲ್ಲೇ ಮತ್ತೆ ಮತ್ತೆ ಅದ್ದಿ ಬಿಸಿಲಿಗೆ ಹಾಕಿರುತ್ತಾರೆ. ಕಂದು ಬಣ್ಣಕ್ಕೆ ತಿರುಗಿ ಪಟಕ್ಕನೆ ಮುರಿದರೆ ಹಳತು. ಮೇಲೆ ಬಿಳಿ ಕಂಡರೆ ನಾಲಿಗೆಗೆ ತಾಗಿಸಿ: ಉಪ್ಪಾದರೆ ತೊಂದರೆಯಿಲ್ಲ, ಮುಗ್ಗಲು ಬಂದರೆ ಬೂಸಲು. ನಾಲ್ಕು ಜನರ ಮನೆಗೆ ಕಾಲು ಕಿಲೋ ಬಹಳ ದಿನ ಬರುತ್ತದೆ.

ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಕೊಂಡರೆ ಬಾಟಲಿಯನ್ನು ಕಂಠಪೂರ್ತಿ ತುಂಬಿಸಬೇಡಿ. ಸೆಕೆಗೆ ಹುಳಿಯತೊಡಗಿ ಗಾಳಿ ಕಟ್ಟಿದರೆ ಮುಚ್ಚಳ ಎದ್ದು ಬಟ್ಟೆಯೆಲ್ಲ ಅಂಟಾಗುತ್ತದೆ. ಎರಡು ಬೆರಳು ಜಾಗ ಬಿಡಿಸಿ. ಮೇ ತಿಂಗಳಾದರೆ ಅಂಕೋಲೆಯ ಕರಿ ಈಶಾಡು ಮಾವು ಹುಡುಕಿ. ಸಿಪ್ಪೆ ತೆಳು, ಒಯ್ದರೆ ನಜ್ಜುಗುಜ್ಜಾಗುತ್ತದೆ, ಅಲ್ಲೇ ತಿನ್ನಿ.

ಒಣಮೀನು ಕೆಂಪಗೆ ತಿರುಗಿದ್ದರೆ ಕೊಳ್ಳಬೇಡಿ, ಉಪ್ಪಿನಲ್ಲೂ ಬದುಕುವ ಸೂಕ್ಷ್ಮಜೀವಿಗಳಿಂದ ಕೆಟ್ಟದ್ದು. ಒಣಮೀನು, ಹಣ್ಣು, ಬಾಟಲಿಗಳನ್ನು ಬಹಳಷ್ಟು ಹಡಗುಗಳಲ್ಲಿ ಒಳಗೆ ಬಿಡುವುದಿಲ್ಲ. ಹಿಂದಿನ ರಾತ್ರಿಯೇ ಸ್ವಾಗತ ಕೌಂಟರಿನಲ್ಲಿ ಕೇಳಿಟ್ಟುಕೊಳ್ಳಿ. ಬಿಡದಿದ್ದರೆ ಕಾರವಾರದಿಂದಲೇ ಮನೆಗೆ ಕೊರಿಯರ್ ಮಾಡುವುದು ಭಾನುವಾರ ಕಷ್ಟ, ಅದನ್ನು ನಂಬಿ ಕೊಳ್ಳಬೇಡಿ.

ಮಾಜಾಳಿ ಮೀನುಗಾರರ ಊರು. ಮಳೆಗಾಲ ಮುಗಿದ ತಿಂಗಳುಗಳಲ್ಲಿ ಅದೃಷ್ಟವಿದ್ದರೆ ದಡದಿಂದ ರಂಪಣಿ ಬಲೆ ಎಳೆಯುವುದು ಸಿಗುತ್ತದೆ. ಎರಡು ಹಗ್ಗಗಳ ನಡುವೆ ನಿಲ್ಲಬೇಡಿ, ಬಿಗಿಯಾದ ಹಗ್ಗ ದಾಟಬೇಡಿ. ಕೈ ಹಾಕಲು ಕರೆದರೆ ಹೋಗಿ, ಆದರೆ ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ. ಅಲೆ ಹಿಂದೆ ಸರಿದಾಗ ಬಲೆ ಜಗ್ಗುತ್ತದೆ, ಸುತ್ತಿದ ಕೈ ಬಿಡಿಸಿಕೊಳ್ಳಲಾಗದು. ಮರಳಿನ ಮೇಲೆ ಹರಡಿದ ಬಲೆಯನ್ನು ಚಪ್ಪಲಿಯಲ್ಲಿ ತುಳಿಯಬಾರದು. ಅಂಗಳದ ತುಳಸಿಕಟ್ಟೆಯ ಬಳಿಗೆ ಮನೆಯವರು ಕರೆದರಷ್ಟೇ ಹೋಗಿ.

ಹಡಗಿನ ಕಂಪನಿ ಏರ್ಪಡಿಸಿದ ಪ್ರವಾಸವಾದರೆ ತಡವಾದವರಿಗಾಗಿ ಸಾಮಾನ್ಯವಾಗಿ ಕಾಯುತ್ತಾರೆ, ಸ್ವಂತ ಗಾಡಿಯಲ್ಲಿ ಹೋದವರಿಗೆ ಕಾಯುವುದಿಲ್ಲ. ದಿನದ ಕಾರ್ಯಕ್ರಮದ ಹಾಳೆಯಲ್ಲಿರುವ ಬಂದರು ಏಜೆಂಟರ ನಂಬರನ್ನು ಇಳಿಯುವ ಮುನ್ನ ಫೋಟೋ ತೆಗೆದುಕೊಳ್ಳಿ. ಘಾಟಿನಲ್ಲಿ ಸಿಕ್ಕಿಬಿದ್ದರೆ ಬಂದರು ತಲುಪುವವರೆಗೆ ಕಾಯದೆ ಅಲ್ಲಿಂದಲೇ ಕರೆ ಮಾಡಿ.